ತಡೀರಿ ಸಾಹೇಬರ ಬೀದಿಗೆ ನಾವು ಹಾಕಿದ ಡಾಂಬರು

ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಅತ್ತಿಗೆಯವರಿಗೆ, ಅವರ ಮಗಳಿಗೆ, ಅಳಿಯನಿಗೆ, ಈ ಬೀದಿಯ ಹಿರಿಯರಿಗೆ, ವೇದಿಕೆಯ ಮೇಲಿರುವ ಮುಖ್ಯ ಎಂಜಿನಿಯರ್ ಸಾಹೇಬರಿಗೆ, ನಮ್ಮ ರಸ್ತೆ ಕಚೇರಿಯ ಎಲ್ಲ ಬಂಧುಗಳಿಗೆ — ನಮಸ್ಕಾರ.

ಬಾಗಿಲ ಹತ್ತಿರ ನಿಂತಿರುವವರು ದಯವಿಟ್ಟು ಒಳಗೆ ಬನ್ನಿ. ಕಾಲಿಗೆ ಕೆಸರಾಗಿದೆ ಎಂದು ಸಂಕೋಚಪಟ್ಟುಕೊಂಡು ಅಲ್ಲೇ ನಿಲ್ಲಬೇಡಿ. ಇಲ್ಲಿ ಎಲ್ಲರ ಕಾಲಿಗೂ ಕೆಸರಾಗಿದೆ. ನನ್ನ ಪ್ಯಾಂಟು ನೋಡಿ — ಇಲ್ಲಿಯವರೆಗೆ. ಹೊಲ ಗದ್ದೆ ದಾಟಿ ಬಂದವನಲ್ಲ ನಾನು. ಹೋದ ವಾರ ನಾವೇ ಹಾಕಿದ ಹೊಸ ಡಾಂಬರು ರಸ್ತೆಯ ಮೇಲೆ ನಡೆದುಕೊಂಡು ಬಂದೆ.

ನಗಬೇಕೆನಿಸಿದವರು ನಗಿ. ನಾವು ಇವತ್ತು ಯಾರನ್ನು ನೆನೆಯಲು ಸೇರಿದ್ದೇವೋ, ಇದನ್ನು ನೋಡಿದ್ದರೆ ಅವರೂ ನಗುತ್ತಿದ್ದರು. ನನಗೆ ಮಾತ್ರ ಆಗುತ್ತಿಲ್ಲ.

ನನ್ನನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ರಸ್ತೆ ಕಚೇರಿಯ ನಕ್ಷೆ ವಿಭಾಗದವನು. ನಾವು ಕಳೆದುಕೊಂಡ ಹಿರಿಯರು ಅದೇ ಕಚೇರಿಯ ಮಣ್ಣು ಪರೀಕ್ಷೆಯ ಲ್ಯಾಬಿನ ಮುಖ್ಯಸ್ಥರು. ರಸ್ತೆಯಲ್ಲಿ ಕೆಳಗಿನದೆಲ್ಲ ಅವರ ಪಾಲು, ಮೇಲಿನದೆಲ್ಲ ನನ್ನ ಪಾಲು. ಒಂದೇ ಗೋಡೆಯ ಆಚೆಗೆ ಅವರು, ಈಚೆಗೆ ನಾನು. ಕೂದಲು ಕಪ್ಪಗಿದ್ದಾಗ ಶುರುವಾದ ನಮ್ಮ ಜಗಳ ಮೊನ್ನೆ ಮೊನ್ನೆಯವರೆಗೂ ನಡೆದಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ‘ಗೆರೆ ಸಾಹೇಬ್ರೇ’ ಎನ್ನುತ್ತಿದ್ದರು. ಗೆರೆ ಎಳೆಯುವುದು ಬಿಟ್ಟು ಬೇರೇನೂ ಬಾರದವನು ಎಂದು ಅದರರ್ಥ.

ಅವರಿಗೂ ಒಂದು ಹೆಸರಿತ್ತು. ಹಿಂದೆ ಕುಳಿತಿದ್ದಾರಲ್ಲ, ನಮ್ಮ ರೋಲರ್ ಡ್ರೈವರ್ ಮಾಮ — ಆ ಹೆಸರನ್ನು ಇಟ್ಟದ್ದು ಅವರೇ. ತಲೆ ತಗ್ಗಿಸಬೇಡ ಮಾಮ, ಅದು ಅಣ್ಣನಿಗೂ ಗೊತ್ತಿತ್ತು. ರೋಲರ್ ಒಂದು ಸುತ್ತು ಹೋಗಿ ಬಂದರೆ ಅಣ್ಣ ಹೀಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದರಂತೆ. ‘ತಡೀರಿ.’ ನೆಲದಲ್ಲಿ ಅಂಗೈಯಗಲ ಗುಂಡಿ ತೋಡಿ, ಆ ಮಣ್ಣನ್ನು ತೂಗಿ, ಗುಂಡಿಗೆ ಮರಳು ಸುರಿದು ನೆಲ ಎಷ್ಟು ಗಟ್ಟಿಯಾಗಿದೆ ಎಂದು ಲೆಕ್ಕ ಹಾಕಿ — ‘ಇನ್ನೂ ಕೂತಿಲ್ಲ. ಇನ್ನೊಂದು ಸಲ ಓಡಿಸಿ.’ ಮತ್ತೊಂದು ಸುತ್ತು. ಮತ್ತೆ ‘ತಡೀರಿ.’ ಮಾಮ ಇಂಜಿನ್ ಆರಿಸಿ ಕೆಳಗಿಳಿದು, ‘ತಡೀರಿ ಸಾಹೇಬ್ರು ಬಂದ್ರು, ಇವತ್ತು ಊಟ ಸಂಜೆಗೇ’ ಎಂದರಂತೆ. ಅಲ್ಲಿಂದ ಅದೇ ಹೆಸರು. ಗುತ್ತಿಗೆದಾರರಿಗೆ ತಡೀರಿ ಸಾಹೇಬ್ರು. ಕ್ಯಾಂಟೀನಿನಲ್ಲಿ ತಡೀರಿ ಸಾಹೇಬ್ರು. ಒಂದು ಸಲ ಮುಖ್ಯ ಎಂಜಿನಿಯರ್ ಸಾಹೇಬರೂ ಬಾಯಿ ತಪ್ಪಿ ಹಾಗೇ ಕರೆದುಬಿಟ್ಟಿದ್ದರು.

ನಾನು ಒಂದು ಭಾಷಣ ಬರೆದುಕೊಂಡೇ ಬಂದಿದ್ದೆ. ಸರಳರು, ಸಜ್ಜನರು, ಸಮಯಪಾಲನೆಗೆ ಹೆಸರಾದವರು ಎಂದೆಲ್ಲ ಇದೆ ಅದರಲ್ಲಿ. ಸಮಯಪಾಲನೆ ಅಂತೆ — ಹೇಳಿದ ದಿನಕ್ಕೆ ಒಂದು ಕೆಲಸವನ್ನೂ ಮುಗಿಸಿಕೊಟ್ಟವರಲ್ಲ ಅವರು. ಬರೆಯುವಾಗ ಕೈಗೆ ಬಂದ ಪದ ಬರೆದಿದ್ದೆ. ಬೆಳಿಗ್ಗೆ ಅವರ ಮನೆ ಗೇಟಿನ ಮುಂದೆ ನಡೆದದ್ದನ್ನು ನೋಡಿದ ಮೇಲೆ ಅದನ್ನು ಓದಲು ನನಗೆ ಮುಖವಿಲ್ಲ. ಆ ವಿಷಯಕ್ಕೆ ಬರುತ್ತೇನೆ. ಮೊದಲು ಅವರ ಕೆಲಸ ಏನು ಎಂದು ಹೇಳಬೇಕು, ಇಲ್ಲದಿದ್ದರೆ ನಾವು ಮಾಡಿದ್ದು ಏನು ಎಂದು ನಿಮಗೆ ಗೊತ್ತಾಗುವುದಿಲ್ಲ.

ನಾನು ಕಚೇರಿಗೆ ಹೊಸಬನಾಗಿದ್ದಾಗ ನಡೆದದ್ದು. ಒಂದು ರಸ್ತೆಯ ನಕ್ಷೆ ಮಾಡಬೇಕಿತ್ತು. ಜಲ್ಲಿ ಎಷ್ಟು ದಪ್ಪ, ಡಾಂಬರು ಎಷ್ಟು ದಪ್ಪ ಎಂದು ತೀರ್ಮಾನಿಸಲು ಕೆಳಗಿನ ಮಣ್ಣಿನ ಬಲದ ಒಂದು ಅಂಕಿ ಬೇಕು. ಲ್ಯಾಬಿಗೆ ಹೋಗಿ, ಮಧ್ಯಾಹ್ನದೊಳಗೆ ಆ ನಂಬರ್ ಕೊಟ್ಟುಬಿಡಿ ಅಣ್ಣಾ ಎಂದೆ. ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದ ಕಬ್ಬಿಣದ ಡಬ್ಬಿಯೊಂದನ್ನು ತೋರಿಸಿ, ‘ನಂಬರ್ ನನ್ನ ಹತ್ರ ಇಲ್ಲ, ಗೆರೆ ಸಾಹೇಬ್ರೇ. ಅದರ ಹತ್ರ ಇದೆ. ನಾಲ್ಕು ದಿನ ನೀರಲ್ಲಿ ನೆನೆದ ಮೇಲೆ ಬಾಯಿ ಬಿಡತ್ತೆ’ ಎಂದರು. ಮಳೆಗಾಲದಲ್ಲಿ ಮಣ್ಣು ಎಷ್ಟು ಸೋಲುತ್ತದೆ ಎಂದು ತಿಳಿಯುವುದಕ್ಕೆ ಆ ನಾಲ್ಕು ದಿನ. ನನಗೆ ಮೂಗಿನ ತುದಿಯಲ್ಲೇ ಕೋಪ. ನಾಲ್ಕು ದಿನ ಕಾದರೆ ನಮ್ಮ ವಿಭಾಗದಲ್ಲಿ ಆರು ರಸ್ತೆ ಮುಗಿಯುತ್ತವೆ ಎಂದೆ. ಕಾಗದದ ಮೇಲೆ ಎಷ್ಟು ಬೇಕಾದರೂ ಮುಗಿಸಿಕೊಳ್ಳಿ ಎಂದರು.

ಅವತ್ತೇ ಸಂಜೆ ಕ್ಯಾಂಟೀನಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಒಂದು ಬಿಸ್ಕತ್ತು ತೆಗೆದು ಮೇಜಿನ ಮೇಲೆ ಇಟ್ಟರು. ಹೆಬ್ಬೆರಳಿನಿಂದ ಹೀಗೆ ಒತ್ತಿದರು. ಏನೂ ಆಗಲಿಲ್ಲ. ಮೇಜು ಒರೆಸುವ ಒದ್ದೆ ಬಟ್ಟೆ ಪಕ್ಕದಲ್ಲಿ ಮುದುರಿ ಬಿದ್ದಿತ್ತು. ಅದೇ ಬಿಸ್ಕತ್ತನ್ನು ಅದರ ಮೇಲಿಟ್ಟರು. ಅದೇ ಹೆಬ್ಬೆರಳು. ಟಪ್ ಎಂದು ಎರಡಾಯಿತು. ‘ಈಗ ನಿಮ್ಮ ನಕ್ಷೆ ಏನು ಹೇಳತ್ತೆ?’ ಎಂದು ಕೇಳಿದರು. ಬಿಸ್ಕತ್ತನ್ನು ದಪ್ಪ ಮಾಡಬೇಕು ಎಂದೆ ನಾನು. ಓದಿದ್ದೆನಲ್ಲ. ಅವರು ಬಟ್ಟೆಯನ್ನು ಎತ್ತಿ, ಚೆನ್ನಾಗಿ ಹಿಂಡಿ, ಕೊಡವಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅಂಗೈಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದರು. ಇನ್ನೊಂದು ಬಿಸ್ಕತ್ತು ಇಟ್ಟು ಒತ್ತಿದರು. ಮುರಿಯಲಿಲ್ಲ. ‘ದಪ್ಪ ಮಾಡ್ತಾ ಹೋದ್ರೆ ಎಲ್ಲೀವರೆಗೆ ಮಾಡ್ತೀರಿ? ಕೆಳಗಿಂದು ಸರಿ ಮಾಡಿ, ತೆಳ್ಳಗಿಂದೇ ಸಾಕು’ ಎಂದು, ಮುರಿದ ಬಿಸ್ಕತ್ತಿನ ಎರಡು ತುಂಡನ್ನೂ ಅವರೇ ತಿಂದರು.

ಅವರ ವಿದ್ಯೆಯೆಲ್ಲ ಅದರಲ್ಲೇ ಇದೆ. ಮೇಲಿನ ಹುಲ್ಲು, ಬೇರು, ಕಸ ಕೆರೆದು ತೆಗೆಯಬೇಕು. ನೀರಿಗೆ ಹೋಗಲು ದಾರಿ ಮಾಡಬೇಕು. ಮಣ್ಣು ಸಡಿಲಿಸಿ, ಜೇಡಿಮಣ್ಣಾದರೆ ಸುಣ್ಣ ಬೆರೆಸಿ, ಹದವಾಗಿ ನೀರು ಹಾಕಿ, ತೆಳುವಾಗಿ ಹರಡಿ, ರೋಲರ್ ಓಡಿಸಿ, ಮೇಲೆ ಇನ್ನೊಂದು ಪದರ ಹರಡಿ, ಮತ್ತೆ ಓಡಿಸಿ. ಆಮೇಲೆ ಜಲ್ಲಿ. ಆಮೇಲೆ ಡಾಂಬರು. ಮಣ್ಣು ಗಟ್ಟಿಯಾದರೆ ನನ್ನ ಜಲ್ಲಿ ಅರ್ಧಕ್ಕಿಳಿಯುತ್ತದೆ. ಮಣ್ಣು ಹಾಗೇ ಬಿಟ್ಟರೆ ಎಷ್ಟು ಸುರಿದರೂ ಸಾಲದು. ನನ್ನ ನಕ್ಷೆಗಳಲ್ಲಿ ಎಲ್ಲಕ್ಕಿಂತ ಕೆಳಗೆ, ಮಣ್ಣು ಎಂದು ತೋರಿಸಲು, ಒಂದಿಷ್ಟು ಓರೆ ಗೆರೆ ಎಳೆಯುತ್ತೇವೆ. ಅಣ್ಣ ಅಲ್ಲಿ ಬೆರಳಿಟ್ಟು, ‘ಇಲ್ಲಿ ನಾನಿದ್ದೀನಿ. ನೋಡ್ಕೊಂಡು ಎಳೀರಿ’ ಎನ್ನುತ್ತಿದ್ದರು.

ಮಣ್ಣಿನ ಹದ ನೋಡುವ ಅವರ ಚಟ ನಿಮಗೆಲ್ಲ ಗೊತ್ತು. ಒಂದು ಹಿಡಿ ತೆಗೆದುಕೊಂಡು ಹೀಗೆ ಮುಷ್ಟಿ ಬಿಗಿ ಹಿಡಿದು, ಬಿಡಿಸಿ ನೋಡುವುದು. ಉದುರಿದರೆ ನೀರು ಕಡಿಮೆ. ಅಂಗೈ ಒದ್ದೆಯಾದರೆ ಜಾಸ್ತಿ. ಉಂಡೆ ನಿಂತು, ಹೆಬ್ಬೆರಳಲ್ಲಿ ಒತ್ತಿದಾಗ ಸರಿಯಾಗಿ ಒಡೆದರೆ ಹದ. ಒಂದು ಸಲ ಮುಖ್ಯ ಎಂಜಿನಿಯರ್ ಸಾಹೇಬರ ಕೋಣೆಯಲ್ಲಿ ಇವರ ಮೇಲೇ ಸಭೆ. ಕೆಲಸ ಯಾಕೆ ತಡ, ಯಾರಿಂದ ತಡ ಎಂದು ಎಲ್ಲರೂ ಒಬ್ಬರ ಮೇಲೊಬ್ಬರು ದೂರು ಹೇಳುತ್ತಿದ್ದೇವೆ. ಇವರು ಕಿಟಕಿಯ ಹತ್ತಿರ ಕುಳಿತು, ಸಾಹೇಬರ ಹೂವಿನ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದು ಹಿಂಡುತ್ತಿದ್ದಾರೆ. ಸಾಹೇಬರು ಕೆಂಡವಾಗಿ, ಏನ್ರೀ ಅದು ಎಂದರು. ಅಣ್ಣ ಎದ್ದು ನಿಂತು ಬಹಳ ವಿನಯದಿಂದ, ‘ನೀರು ಜಾಸ್ತಿ ಆಗಿದೆ ಸಾರ್. ಗಿಡ ಬದುಕಲ್ಲ’ ಎಂದರು. ಸಭೆ ಅಲ್ಲಿಗೇ ಮುಗಿಯಿತು. ಸಾಹೇಬರೂ ನಗುತ್ತಿದ್ದಾರೆ, ನೋಡಿ.

ಇನ್ನು ಈ ಬೀದಿ.

ಬೀದಿಯ ಹಿರಿಯರಿಗೆ ಗೊತ್ತು, ಇದು ಒಂದು ಕಾಲದಲ್ಲಿ ಕೊಳ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿ ಮುಚ್ಚಿ ಮನೆ ಕಟ್ಟಿಕೊಂಡದ್ದು. ಕೆಳಗೆಲ್ಲ ಜೇಡಿ. ಸುತ್ತಮುತ್ತಲ ಬೀದಿಗಳಿಗೆಲ್ಲ ಡಾಂಬರು ಬಂದರೂ ಇದಕ್ಕೆ ಬರಲಿಲ್ಲ. ರಸ್ತೆ ಕಚೇರಿಯವರ ಮನೆ ಮುಂದೆಯೇ ಕೆಸರು ಎಂದು ನೀವೆಲ್ಲ ಅವರನ್ನು ಆಡಿಕೊಂಡಿರಿ. ನಾವೂ ಆಡಿಕೊಂಡೆವು. ಸ್ವಂತ ಮಗಳೇ ಆಡಿಕೊಂಡಿದ್ದಾಳೆ — ಗಂಡಿನ ಕಡೆಯವರು ಮೊದಲ ಸಲ ಬಂದಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದರಂತೆ. ಅಳಿಯಂದಿರು ಹೌದು ಎನ್ನುತ್ತಿದ್ದಾರೆ. ಆದರೂ ಅಣ್ಣನದು ಒಂದೇ ಮಾತು. ಈ ಮಣ್ಣಿನ ಮೇಲೆ ಹೀಗೇ ಹಾಕಿದರೆ ಒಂದು ಮಳೆಗೆ ಹೋಗುತ್ತದೆ, ಮೊದಲು ನೀರು ಹೊರಗೆ ಹೋಗಲಿ.

ಹೋದ ಬೇಸಿಗೆಯಲ್ಲಿ ಅವರೇ ಪ್ಯಾಂಟು ಮಡಿಸಿಕೊಂಡು, ಬೀದಿಯವರನ್ನು ಕರೆದುಕೊಂಡು, ಒಂದು ಬದಿಗೆ ಉದ್ದಕ್ಕೂ ಕಾಲುವೆ ತೋಡಿದರು. ನೋಡಲು ಚೆಂದವೇನೂ ಇರಲಿಲ್ಲ. ಅಂಚು ಕುಸಿದಿತ್ತು, ಹುಲ್ಲು ಬೆಳೆದಿತ್ತು. ಆದರೆ ನೀರು ಇಳಿದು ಹೋಗುತ್ತಿತ್ತು, ಬೀದಿ ಒಳಗಿಂದ ಒಣಗುತ್ತಿತ್ತು. ಈ ಸಲ ಕೊನೆಗೂ ನಮ್ಮ ಬೀದಿಯನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದು ಅವರೇ ಬಂದು ನನಗೆ ಹೇಳಿದರು. ಬೀದಿಯ ಮಣ್ಣನ್ನು ಡಬ್ಬಿಗಳಲ್ಲಿ ತುಂಬಿ, ತೊಟ್ಟಿಯಲ್ಲಿ ನೆನೆಯಲು ಇಟ್ಟರು. ಮಾರನೆಯ ದಿನ ಮಧ್ಯಾಹ್ನ ಲ್ಯಾಬಿನ ಸ್ಟೂಲಿನ ಮೇಲೆ ಕುಳಿತವರು, ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದರು. ಆಸ್ಪತ್ರೆ ಮುಟ್ಟುವವರೆಗೂ ಉಳಿಯಲಿಲ್ಲ.

ಇಲ್ಲಿಂದ ಮುಂದಿನದನ್ನು ಹೇಳುವುದು ಕಷ್ಟ. ಸ್ವಲ್ಪ ನೀರು ಕುಡಿಯುತ್ತೇನೆ.

ನಮಗೆಲ್ಲ ದುಃಖವಾಗಿತ್ತು. ಅದು ಸುಳ್ಳಲ್ಲ. ಏನಾದರೂ ಮಾಡಬೇಕು ಎಂಬ ಆತುರ ಹುಟ್ಟಿತು. ಮೊದಲು, ಲ್ಯಾಬಿನಲ್ಲಿ ಅವರ ಫೋಟೋ ಇಟ್ಟು ಹೂವು ಹಾಕೋಣ ಎಂದೆವು. ಮೇಜಿನ ಪಕ್ಕ ಆ ತೊಟ್ಟಿ ಅಡ್ಡವಾಗಿತ್ತು. ಅಟೆಂಡರ್ ಬಂದು, ಸಾರ್, ಡಬ್ಬಿಗಳನ್ನು ಏನು ಮಾಡಲಿ ಎಂದು ಕೇಳಿದ. ಆ ಡಬ್ಬಿಗಳಲ್ಲಿ ಏನಿದೆ ಎಂದು ಬಲ್ಲವನು ನಾನೊಬ್ಬನೇ. ನಾಲ್ಕು ದಿನಕ್ಕೆ ಇನ್ನೂ ಒಂದು ದಿನ ಬಾಕಿ ಇತ್ತು. ನನ್ನ ಕಣ್ಣು ತುಂಬಿಕೊಂಡಿತ್ತು, ಫೋಟೋ ನೇರವಾಗಿ ಕೂರುತ್ತಿರಲಿಲ್ಲ, ಚೆಲ್ಲಿಬಿಡಪ್ಪ, ಜಾಗ ಬೇಕು ಎಂದೆ. ಅವರು ಕೊನೆಯದಾಗಿ ಕೈಯಾರೆ ಮಾಡಿದ ಕೆಲಸವನ್ನು ಅವರ ಫೋಟೋ ಇಡುವುದಕ್ಕೋಸ್ಕರ ಚೆಲ್ಲಿಸಿದೆ.

ಆಮೇಲೆ ಸಭೆ. ಅವರ ಬೀದಿಗೆ ರಸ್ತೆ ಮಾಡಿ ಅವರ ಹೆಸರನ್ನೇ ಇಡೋಣ, ಶ್ರದ್ಧಾಂಜಲಿ ಸಭೆಯ ದಿನವೇ ನಾಮಫಲಕ ತೆರೆಯೋಣ ಎಂದು ಮುಖ್ಯ ಎಂಜಿನಿಯರ್ ಸಾಹೇಬರು ಸೂಚಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೊದಲು ತಟ್ಟಿದವನು ನಾನೇ. ಒಳ್ಳೆಯ ಮಾತು ಕೇಳಿದಾಗ ತಲೆ ಕೆಲಸ ಮಾಡುವುದು ನಿಂತು ಕೈ ಶುರುವಾಗುತ್ತದೆ.

ನಕ್ಷೆ ಬೇಕಾಯಿತು. ನಂಬರ್ ಬೇಕಾಯಿತು. ಕೇಳೋಣ ಎಂದರೆ ಗೋಡೆಯ ಆಚೆಗೆ ಯಾರೂ ಇಲ್ಲ. ನಾನು ಪಕ್ಕದ ಬೀದಿಯ ಹಳೆಯ ಕಡತ ತೆಗೆದು ಅದರಲ್ಲಿದ್ದ ನಂಬರನ್ನು ಎತ್ತಿ ಹಾಕಿಕೊಂಡೆ. ಒಳ್ಳೆಯ ನಂಬರ್. ಯಾಕೆ ಒಳ್ಳೆಯದು? ಆ ಬೀದಿಯನ್ನು ಅಣ್ಣ ತಾವೇ ನಿಂತು ಅಗೆಸಿ, ಸುಣ್ಣ ಬೆರೆಸಿ, ರೋಲರ್ ಮಾಮನನ್ನು ಉಪವಾಸ ಕೆಡವಿ ಹದ ಮಾಡಿದ್ದರು. ಹದ ಮಾಡಿದ ಮಣ್ಣಿನ ನಂಬರನ್ನು ಹದ ಮಾಡದ ಮಣ್ಣಿಗೆ ಹಾಕಿ, ಇಷ್ಟು ಗಟ್ಟಿ ನೆಲಕ್ಕೆ ಇಷ್ಟು ತೆಳು ರಸ್ತೆ ಸಾಕು ಎಂದು ಬರೆದೆ. ಕೆಳಗೆ, ಮಣ್ಣು ಸಡಿಲಿಸಿ ಹದ ಮಾಡತಕ್ಕದ್ದು ಎಂದೂ ಬರೆದೆ. ಅದಕ್ಕೆ ಸಮಯವಿಲ್ಲ, ಸಭೆಗೆ ಇಷ್ಟೇ ದಿನ ಉಳಿದಿದೆ ಎಂದಾಗ ಆ ಸಾಲನ್ನು ಹೊಡೆದು ಹಾಕಿದೆವು. ಸಾಲು ಹೋಯಿತು, ತೆಳು ರಸ್ತೆ ಉಳಿಯಿತು. ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಬಿಸ್ಕತ್ತು ಮುರಿದದ್ದನ್ನು ಎದುರಿಗೆ ಕೂತು ನೋಡಿದವನು ನಾನು.

ಮೂರನೇ ಸಾಲಿನಲ್ಲಿ ಗುತ್ತಿಗೆದಾರರು ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದಾರೆ. ಅವರನ್ನು ಯಾರೂ ದೂರಬೇಡಿ. ಬೇಗ ಬೇಗ ಎಂದು ಬೆನ್ನಿಗೆ ಬಿದ್ದವರು ನಾವು.

ಕೆಲಸ ನಡೆಯುವಾಗ ನಾನು ಇಲ್ಲೇ ನಿಂತಿದ್ದೆ. ಬದಿಯ ಆ ಕಾಲುವೆ ಕಣ್ಣಿಗೆ ಬಿತ್ತು. ದೊಡ್ಡವರೆಲ್ಲ ಬರುವ ದಿನ ಇದೇನು ಅಸಹ್ಯ, ಮಣ್ಣು ತಳ್ಳಿ ಮುಚ್ಚಿಬಿಡಿ ಎಂದು ಯಾರೋ ಅಂದರು. ಯಾರೋ ಅಂದರು, ನಾನು ಹೂಂ ಅಂದೆ. ಅಷ್ಟರಲ್ಲಿ ಅತ್ತಿಗೆ ಗೇಟು ತೆರೆದು ಹೊರಗೆ ಬಂದರು. ಗಂಡ ಹೋಗಿ ಇನ್ನೂ ಎರಡು ವಾರ ಆಗಿಲ್ಲ. ಬಂದು ನನ್ನ ಮುಂದೆ ನಿಂತು, ‘ಆ ಕಾಲುವೆ ಮುಚ್ಚಬೇಡಿ. ಅದು ಅವರು ಬೇಕು ಅಂತಾನೇ ತೆಗೆಸಿದ್ದು. ನೀರು ಹೋಗೋ ದಾರಿ ಅದು’ ಎಂದರು.

ನಾನು ಏನು ಹೇಳಿದೆ ಗೊತ್ತೇ? ಬಹಳ ಪ್ರೀತಿಯಿಂದಲೇ ಹೇಳಿದೆ. ‘ಅತ್ತಿಗೆ, ನೀವು ಈಗ ಇದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ. ಒಳಗೆ ಹೋಗಿ ಕೂತ್ಕೊಳ್ಳಿ. ನಾವಿದ್ದೀವಲ್ಲ.’

ನಾವಿದ್ದೀವಲ್ಲ.

ಅವರು ಕಾಲುವೆಯ ಕಡೆ ನೋಡಿ ಒಳಗೆ ಹೋದರು. ಕಾಲುವೆ ಮುಚ್ಚಿತು. ಅದರ ಮೇಲೆ ಸಾಲಾಗಿ ಹೂವಿನ ಕುಂಡಗಳನ್ನು ಇಟ್ಟೆವು. ಡಾಂಬರು ಬಿತ್ತು. ಸಂಜೆ ಬಿಸಿಲಿಗೆ ಎಷ್ಟು ಚೆಂದ ಹೊಳೆಯುತ್ತಿತ್ತು ಎಂದರೆ ನಾವೆಲ್ಲ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡೆವು. ಆ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ.

ನಿನ್ನೆ ಮಧ್ಯಾಹ್ನ ಮಳೆ ಬಂತು. ಭಾರಿ ಮಳೆಯೇನೂ ಅಲ್ಲ. ಹೋಗಲು ದಾರಿಯಿಲ್ಲದ ನೀರು ರಸ್ತೆಯ ಹೊಟ್ಟೆಯೊಳಗೆ ಹೊಕ್ಕಿತು. ಇವತ್ತು ಬೆಳಿಗ್ಗೆ ಈ ಸಭೆಗೆ ಬರುವವರಿಗೆಂದು ನೀರಿನ ಟ್ಯಾಂಕರ್ ತರಿಸಿದ್ದೆವು. ಅದು ಅಣ್ಣನ ಮನೆ ಮುಂದಕ್ಕೆ ಬಂದು — ಹೀಗೆ — ನಿಧಾನವಾಗಿ ಒಂದು ಬದಿಗೆ ವಾಲಿತು. ಚಕ್ರ ಅಚ್ಚಿನವರೆಗೂ ಇಳಿಯಿತು. ಡಾಂಬರು ಹಲಗೆ ಹಲಗೆಯಾಗಿ ಎದ್ದಿತು. ಕೆಳಗಿನ ಜೇಡಿ ಎರಡೂ ಪಕ್ಕ ಉಕ್ಕಿ ಬಂತು. ಕಾಂಪೌಂಡಿನ ಮೂಲೆ ಟ್ಯಾಂಕರಿಗೆ ಸಿಕ್ಕಿ ಕುಸಿದು ಬಿತ್ತು. ಚಾಲಕ ಇಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು, ‘ಯಾವ ಬೃಹಸ್ಪತಿ ಹಾಕಿದ್ದು ಸಾರ್ ಈ ರಸ್ತೆ?’ ಎಂದು ಕೇಳಿದ. ಬೇರೆ ಯಾರನ್ನೋ ಅಲ್ಲ, ನನ್ನನ್ನೇ ಕೇಳಿದ. ನನ್ನ ಪಕ್ಕದಲ್ಲಿ, ಬಟ್ಟೆ ಮುಚ್ಚಿದ ನಾಮಫಲಕ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ನೆಲ ಬಾಯಿ ಬಿಟ್ಟೇ ಇತ್ತು, ಟ್ಯಾಂಕರನ್ನು ನುಂಗಿತು, ನನ್ನನ್ನು ಬಿಟ್ಟಿತು.

ಅತ್ತಿಗೆ ಗೇಟಿನ ಹತ್ತಿರ ನಿಂತಿದ್ದರು. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾಮಫಲಕ ತೋರಿಸಿ, ‘ಅವರ ಹೆಸರು ಹಾಕ್ತೀವಿ ಅಂದ್ರಿ, ಸಂತೋಷ. ಆದ್ರೆ ದಿನಾ ಇಲ್ಲಿ ಗಾಡಿ ಹೂತುಕೊಂಡಾಗ ಜನ ಯಾರ ಹೆಸರು ಹಿಡಿದು ಬೈತಾರೆ ಅಂತ ಯೋಚನೆ ಮಾಡಿದ್ರಾ?’ ಎಂದು ಕೇಳಿದರು.

ಆಮೇಲೆ ಬಹಳ ಮೆಲ್ಲಗೆ, ‘ನಾನು ಬದುಕಿರೋವರೆಗೂ ಅದನ್ನ ಕಿಟಕಿಯಿಂದ ಕೇಳಿಸ್ಕೋಬೇಕು’ ಎಂದರು.

ನಾನು ಎಲ್ಲರೆದುರು ಹೇಳುತ್ತೇನೆ. ನನಗೆ ನಾಚಿಕೆಯಾಗುತ್ತಿದೆ. ಸತ್ತವರ ಎದುರಿಗಿಂತ ಹೆಚ್ಚಾಗಿ ಬದುಕಿರುವ ಇವರ ಎದುರಿಗೆ ನಾಚಿಕೆಯಾಗುತ್ತಿದೆ. ಜೀವಮಾನವಿಡೀ ಒಬ್ಬ ಮನುಷ್ಯ ಯಾವುದನ್ನು ಮಾಡಬೇಡಿ ಎಂದು ಕೈ ಅಡ್ಡ ಹಿಡಿದರೋ, ಅವರು ಹೋದ ಮೇಲೆ ಅದನ್ನೇ ಹುಡುಕಿಕೊಂಡು ಹೋಗಿ, ಅವರ ಬಾಗಿಲಲ್ಲೇ ಮಾಡಿ, ಅದರ ಮೇಲೆ ಅವರ ಹೆಸರು ಬರೆಯಲು ಹೊರಟೆವು. ಅದಕ್ಕೆ ಗೌರವ ಎಂದು ಹೆಸರಿಟ್ಟೆವು. ಅವರನ್ನು ಕಂಡರಾಗದವರು ಯಾರಾದರೂ ಇದ್ದಿದ್ದರೆ ಇಷ್ಟು ಚೆನ್ನಾಗಿ ಅವಮಾನ ಮಾಡಲು ಅವರಿಗೂ ಬರುತ್ತಿರಲಿಲ್ಲ. ಪ್ರೀತಿಯಿದ್ದವರಿಗೇ ಬರಬೇಕು ಇದು.

ವೇದಿಕೆಯಿಂದ ಒಂದು ಚೀಟಿ ಬಂದಿದೆ. ‘ಬೇಗ ಮುಗಿಸಿ, ಫಲಕದ ಘೋಷಣೆ ಮಾಡಿ’ ಎಂದಿದೆ. ಮುಗಿಸುತ್ತೇನೆ ಸಾರ್.

ಈ ಘೋಷಣೆ ಎಂದರೆ ಏನು ಎಂದು ಹೊರಗಿನವರಿಗೆ ಹೇಳಬೇಕು. ನನ್ನ ಭಾಷಣದ ಕೊನೆಗೆ ನಾನು ಈ ರಸ್ತೆಯನ್ನು ಅಣ್ಣನ ಹೆಸರಿಗೆ ಅರ್ಪಿಸಿದ್ದೇವೆ ಎಂದು ಹೇಳಬೇಕು. ಸಾಹೇಬರು ಹೊರಗೆ ಹೋಗಿ ಬಟ್ಟೆ ಸರಿಸಬೇಕು. ಬಟ್ಟೆ ಸರಿದ ದಿನ ರಸ್ತೆ ಪೂರ್ಣಗೊಂಡಿತು ಎಂದು ನಮ್ಮ ಕಚೇರಿಯಲ್ಲಿ ಬರೆಯುತ್ತಾರೆ. ಪೂರ್ಣಗೊಂಡ ರಸ್ತೆಯನ್ನು ವರ್ಷಗಟ್ಟಲೆ ಮತ್ತೆ ಅಗೆಯುವ ಹಾಗಿಲ್ಲ. ಎದ್ದ ಕಡೆ ಒಂದು ಬಾಂಡ್ಲಿ ಡಾಂಬರು ತಂದು ತೇಪೆ ಹಾಕಬಹುದು, ಅಷ್ಟೆ. ಕೆಳಗಿನ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಅಂದರೆ ಅತ್ತಿಗೆ ಹೇಳಿದ್ದು ಅಕ್ಷರಶಃ ನಿಜವಾಗುತ್ತದೆ. ಮಳೆ ಬಂದಾಗಲೆಲ್ಲ ಈ ಬೀದಿಯಲ್ಲಿ ಗಾಡಿಗಳು ಹೂತುಕೊಳ್ಳುತ್ತವೆ, ಮಳೆ ಬಂದಾಗಲೆಲ್ಲ ಅಣ್ಣನ ಹೆಸರು ಕೆಸರಿನಲ್ಲಿ ಬೀಳುತ್ತದೆ, ಅತ್ತಿಗೆ ಕಿಟಕಿಯ ಹಿಂದೆ ಕುಳಿತು ಅದನ್ನು ಕೇಳಬೇಕು.

ಆದ್ದರಿಂದ ನಾನು ಘೋಷಣೆ ಮಾಡುವುದಿಲ್ಲ.

ಸಾರ್, ನೀವು ನನ್ನ ಮೇಲಧಿಕಾರಿ. ನಿಮ್ಮ ಮಾತು ಮೀರಿದವನಲ್ಲ ನಾನು. ನೀವು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದಿರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಲ್ಲಿಗೆ ಬರುವ ಮೊದಲು ಒಂದು ಕೆಲಸ ಮಾಡಿ ಬಂದಿದ್ದೇನೆ. ನಕ್ಷೆಯ ಮೇಲಿದ್ದ ನನ್ನ ಸಹಿಯನ್ನು ಹೊಡೆದು ಹಾಕಿ, ಈ ನಕ್ಷೆಯ ಮಣ್ಣಿನ ಲೆಕ್ಕ ಈ ಬೀದಿಯದಲ್ಲ ಎಂದು ಬರೆದು ಕಚೇರಿಗೆ ಕೊಟ್ಟು ಬಂದಿದ್ದೇನೆ. ಸಹಿಯಿಲ್ಲದೆ ಇದು ಪೂರ್ಣವಾಗುವುದಿಲ್ಲ. ನನ್ನ ಮೇಲೆ ವಿಚಾರಣೆಯಾಗುತ್ತದೆ. ಆಗಲಿ. ನನ್ನ ಮನೆಯಾಕೆ ಕೂಡ ಇಲ್ಲೇ ಕುಳಿತಿದ್ದಾಳೆ, ಅವಳಿಗೂ ಇದು ಈಗಲೇ ಗೊತ್ತಾಗುತ್ತಿರುವುದು, ಮನೆಗೆ ಹೋದ ಮೇಲೆ ಅದು ಬೇರೆ ವಿಚಾರಣೆ.

ಸಾಹೇಬರು ತಲೆಯಾಡಿಸುತ್ತಿದ್ದಾರೆ. ಆಗಲಿ ಎನ್ನುತ್ತಿದ್ದಾರೋ ಬೇಡ ಎನ್ನುತ್ತಿದ್ದಾರೋ ಇಲ್ಲಿಂದ ನನಗೆ ಸರಿಯಾಗಿ ತಿಳಿಯುತ್ತಿಲ್ಲ. ಎರಡಕ್ಕೂ ನಾನು ತಯಾರಾಗಿದ್ದೇನೆ.

ಈ ಡಾಂಬರನ್ನು ಎಬ್ಬಿಸಬೇಕು. ಕಾಲುವೆ ಮತ್ತೆ ತೆಗೆಯಬೇಕು. ಬೀದಿ ಒಣಗಬೇಕು. ಬೀದಿಯ ಮಣ್ಣನ್ನು ಮತ್ತೆ ಡಬ್ಬಿಯಲ್ಲಿ ತುಂಬಿ ನೆನೆಸಬೇಕು, ಆ ಡಬ್ಬಿಯ ಮುಂದೆ ನಾನೇ ಕೂರುತ್ತೇನೆ. ಆಮೇಲೆ ನಕ್ಷೆ. ಅಲ್ಲಿಯವರೆಗೆ ನೀವು ಕೆಸರಿನಲ್ಲೇ ನಡೆಯಬೇಕಾಗುತ್ತದೆ. ಬೀದಿಯವರೇ, ನಿಮಗೆ ಇನ್ನೊಂದು ಮಳೆಗಾಲದ ಕಷ್ಟ ಕೊಡುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ. ಹೆಸರು ಇಡುವುದೋ ಬೇಡವೋ ಎಂಬುದನ್ನು ಅದೆಲ್ಲ ಮುಗಿದ ಮೇಲೆ, ಒಂದು ಮಳೆ ಬಂದು ಹೋದ ಮೇಲೆ, ಅತ್ತಿಗೆ ಹೇಳಲಿ. ಬೇಡ ಎಂದರೂ ಸರಿಯೇ.

ಅತ್ತಿಗೆ, ನಿಮ್ಮಲ್ಲಿ ಕ್ಷಮೆ ಕೇಳುವುದಕ್ಕೂ ಇದು ಹೊತ್ತಲ್ಲ. ಅದನ್ನು ಕೆಲಸ ಮುಗಿದ ಮೇಲೆ ಮನೆಗೇ ಬಂದು ಕೇಳುತ್ತೇನೆ. ಇವತ್ತು ಇಷ್ಟೇ ಹೇಳುತ್ತೇನೆ. ನೀವು ಹೇಳಿದ್ದು ಸರಿಯಾಗಿತ್ತು. ನಾನು ಕೇಳಲಿಲ್ಲ.

ಈಗ ಮೌನ. ಎಲ್ಲರೂ ಎದ್ದು ನಿಂತು, ಅಣ್ಣನನ್ನು ನೆನೆದು, ಒಂದು ನಿಮಿಷ ಸುಮ್ಮನಿರೋಣ. ಅದಾದ ಮೇಲೆ ಬೀದಿಯವರು, ನೆಂಟರು, ಸ್ನೇಹಿತರು ನೀವೆಲ್ಲ ಕುಳಿತುಕೊಳ್ಳಿ. ನಾವು ಕಚೇರಿಯವರು ನಿಂತೇ ಇರೋಣ. ಅತ್ತಿಗೆ ‘ಕೂತ್ಕೊಳ್ಳಿ’ ಎಂದರೆ ಮಾತ್ರ ಕೂರೋಣ. ಅತ್ತಿಗೆ, ನೀವು ಹೇಳಲೇಬೇಕೆಂದಿಲ್ಲ, ನಿಮಗೆ ಯಾರ ಒತ್ತಾಯವೂ ಇಲ್ಲ. ನೀವು ಏನೂ ಹೇಳದಿದ್ದರೆ ನಾವು ನಿಂತ ಹಾಗೇ ಹೊರಗೆ ಹೋಗುತ್ತೇವೆ. ಗುದ್ದಲಿಗಳು ಜೀಪಿನಲ್ಲಿವೆ. ಕಾಲುವೆ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಮಗಳು ತೋರಿಸಿಕೊಡುತ್ತಾಳೆ.

ಏಳಿ. ದಯವಿಟ್ಟು ಎಲ್ಲರೂ ಏಳಿ.